ಅಳಿಸಿದ ತಮಟೆ

ತಿರುವೊಟ್ಟಿಯೂರು
12 ಆಗಸ್ಟ್ 2002

ಪ್ರೀತಿಯ ಅಣ್ಣಾ,

ಮುಂಬೈ ಮಳೆಗೆ ನಿನ್ನ ಕೆಮ್ಮು ಹೆಚ್ಚಾಗಿರಬೇಕು, ಬಿಸಿನೀರು ಕುಡಿ. ಅವ್ವನ ಮಂಡಿನೋವು ಹಾಗೇ ಇದೆ. ವಿಚಾರಿಸಿದ್ದಾಯಿತು, ಇನ್ನು ಬಯ್ಯುತ್ತೇನೆ, ಕೂತು ಓದು.

ನಿಮ್ಮ ಬ್ಯಾಂಡಿನ ಆಲ್ಬಮ್ ಬಂತು. ಅವ್ವ ಪಕ್ಕದ ಮನೆಯ ಕಲಾವತಿ ಅಕ್ಕನನ್ನೂ ಕರೆದು ಕೂರಿಸಿಕೊಂಡು ಕ್ಯಾಸೆಟ್ ಹಾಕಿಸಿದಳು. ಎರಡೂ ಬದಿ ಮುಗಿದ ಮೇಲೆ ನನ್ನ ಮುಖ ನೋಡಿ, "ಎಲ್ಲವ್ವಾ ನಿನ್ ತಮಟೆ?" ಅಂದಳು. ಕಲಾವತಿ ಅಕ್ಕ "ಪರವಾಯಿಲ್ಲೆ, ವಿಡುಮ್ಮಾ" ಅಂತ ಸಮಾಧಾನ ಹೇಳಿ ಎದ್ದು ಹೋದರು. ನನಗೆ ಆ ಸಮಾಧಾನ ಬೇಕಿರಲಿಲ್ಲ.

ಸ್ಟುಡಿಯೋಗೆ ನನ್ನನ್ನು ಕರೆದವನು ನೀನು. ಬರೆದಿಟ್ಟುಕೊಂಡ ಹಾಡಿಲ್ಲ, ಒಬ್ಬರಿಗೊಬ್ಬರು ಕಿವಿಗೊಟ್ಟು ಆ ಕ್ಷಣಕ್ಕೆ ಹುಟ್ಟಿದ್ದನ್ನು ನುಡಿಸುವುದು, ನುಡಿಸಿದ್ದನ್ನು ಅಳಿಸುವುದಿಲ್ಲ, ಅದೇ ನಮ್ಮ ನಿಯಮ ಅಂದವನೂ ನೀನೇ. ಇಲ್ಲಿನ ಟಿ. ನಗರದ ಆ ಏಸಿ ಕೋಣೆಯಲ್ಲಿ ಅಪ್ಪನ ತಮಟೆಯ ಚರ್ಮ ಸಡಿಲಾಯಿತು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ನಾನು ಪೇಪರ್ ಉರಿಸಿ, ಕಾಯಿಸಿ ಬಿಗಿ ಮಾಡಿದೆ. ವಾಚ್‌ಮನ್ "ಎನ್ನಮ್ಮಾ, ಇದು ಸ್ಟುಡಿಯೋವಾ, ಸುಡುಕಾಡಾ?" ಅಂತ ರೇಗಿದ. ನೀನು ನಕ್ಕೆ. ನಾನು ಒಳಗೆ ಬಂದು ಬಾರಿಸಿದೆ. ನಿನ್ನ ಗಿಟಾರ್ ನನ್ನ ಪ್ರತಿ ಏಟಿಗೂ ಉತ್ತರ ಕೊಟ್ಟಿತು. ಡ್ರಮ್ ಬಾರಿಸುವ ವಿಠ್ಠಲ ಕಣ್ಣು ಮುಚ್ಚಿಕೊಂಡು ನಮ್ಮ ಹಿಂದೆಯೇ ಬಂದ.

ಈಗ ಕ್ಯಾಸೆಟ್ಟಿನಲ್ಲಿ ನಿನ್ನ ಗಿಟಾರ್ ಒಂದು ಮಾತಾಡಿ ನಿಲ್ಲುತ್ತದೆ, ಕಾಯುತ್ತದೆ, ಮತ್ತೆ ಮಾತಾಡುತ್ತದೆ. ಯಾರ ಜೊತೆ ಅಣ್ಣಾ, ಗೋಡೆಯ ಜೊತೆಗಾ? ಫೋನಿನಲ್ಲಿ ಕೇಳಿದರೆ "ಕಂಪನಿಯವ್ರು ಸಾವಿನ ವಾದ್ಯ ಬೇಡ ಅಂದ್ರು ಕಣೇ, ಸುಮ್ನಿರು" ಅಂದೆ. ಅಪ್ಪ ಕಂಡವರ ಹೆಣದ ಮುಂದೆ ಅದನ್ನು ಬಾರಿಸಿಯೇ ನಿನಗೆ ಗಿಟಾರ್ ಕೊಡಿಸಿದ್ದು. ಗಿಟಾರಿಗೆ ಅಂಟದ ಮೈಲಿಗೆ ತಮಟೆಗೆ ಅಂಟಿತೇ? ನಿಮ್ಮದು ಪ್ರೋಗ್ರೆಸಿವ್ ರಾಕ್ ಅಂತೆ. ಕೇರಿಯ ಸದ್ದನ್ನು ಬಾಗಿಲಾಚೆ ನಿಲ್ಲಿಸುವುದು ಯಾವ ಸೀಮೆಯ ಪ್ರಗತಿ? ಅವರು ಹೇಳಿದ್ದು ಹಾಗಿರಲಿ. ನೀನು ತಲೆಯಾಡಿಸಿದೆಯಲ್ಲ, ಅದು ಸುಡುತ್ತಿದೆ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ನನ್ನ ನಮಸ್ಕಾರ ಸದ್ಯಕ್ಕಿಲ್ಲ.

ನಿನ್ನ ತಂಗಿ,
ಸುಗುಣಾ

ಕವರ್ ಅಂಟಿಸುವ ಮೊದಲು ಇನ್ನೊಂದು: ನಿನ್ನೆ ಇಲ್ಲೇ ವಿಠ್ಠಲನ ಮನೆಯಲ್ಲಿ ಅದೇ ಕ್ಯಾಸೆಟ್ಟನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಎಲ್ಲರೂ ಒಂದೇ ಕೋಣೆಯಲ್ಲಿ ನುಡಿಸಿದ್ದಲ್ಲವೇ, ನನ್ನ ಏಟು ಅವನ ಡ್ರಮ್ಮಿನ ಮೈಕಿಗೂ ನುಗ್ಗಿ ಕೂತಿದೆ. ಸಣ್ಣಗೆ, ಆದರೆ ಇದೆ. ಅದನ್ನು ತೆಗೆಯಬೇಕಾದರೆ ಡ್ರಮ್ಮನ್ನೇ ತೆಗೆಯಬೇಕು. ಮುಂದೆ ಬರುವ ಸಿಡಿಯ ಮೇಲೆ ನನ್ನ ಹೆಸರಿಲ್ಲದಿದ್ದರೆ ತನ್ನ ಹೆಸರೂ ಬೇಡ ಅಂದ ವಿಠ್ಠಲ. ನಾನು ಬಾರಿಸಿಯಾಯಿತು ಅಣ್ಣಾ, ಉತ್ತರ ಕೊಡುವ ಸರದಿ ನಿನ್ನದು.