ಕಪ್ಪಿನ ಮೇಲೊಂದು ಕಪ್ಪು

ಸೋಮವಾರ, ಬಿಸಿಲೇರುವ ಹೊತ್ತು

ಹಟಮಾರಿ ಅವ್ವನಿಗೆ,

ಅವಳಿಗಿಂತ ಒಂದು ಕೈ ಮೇಲಾದ ಹಟಮಾರಿ ಮಗಳು ಬರೆಯುವುದು. ನಾನು ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಿದೆ ಅಂತ ಬೈಯಬೇಡ, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೇಜಿನ ತುಂಬ ನೀನೇ ಒಣಗುತ್ತಿದ್ದೀಯ.

ನಿನ್ನ ಕಾಗದ ಬಂತು. ನಾಲ್ಕೇ ಸಾಲು. ಪ್ರದರ್ಶನದಲ್ಲಿ ನಿನ್ನ ಚಿತ್ರ ಹಾಕುವುದಾದರೆ ಮುಖ ಒಂದಿಷ್ಟು ತಿಳಿ ಮಾಡು, ಕೈ ಮಾತ್ರ ಬೇಡವೇ ಬೇಡ, ನಾಲ್ಕು ಜನ ನೋಡುವ ಜಾಗ ಅಂತ ಬರೆದಿದ್ದೀಯ.

ಈ ಮಾತನ್ನು ನಿನಗಿಂತ ಮೊದಲೇ ಒಬ್ಬ ಹೇಳಿದ್ದ. ಚಿತ್ರಶಾಲೆಯ ಯಜಮಾನ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ನಿನ್ನ ಮುಖ ಬಹಳ ಭಾರವಾಗಿದೆಯಂತೆ. ಕಪ್ಪು ಅನ್ನಲು ನಾಲಿಗೆ ಹೊರಳಲಿಲ್ಲ, ಭಾರ ಅಂದ. ಕೈ ನೋಡಿದರೆ ಬಂದವರಿಗೆ ಮುಜುಗರವಂತೆ, ಮೊಣಕೈ ಹತ್ತಿರ ಕತ್ತರಿಸಿಬಿಟ್ಟರೆ ಎದುರು ಗೋಡೆಯ ನಡುಮಧ್ಯದ ಜಾಗ ನನಗೇ ಅಂತೆ. ಮೊಣಕೈ ಹತ್ತಿರ ಕತ್ತರಿಸುವ ಯೋಚನೆ ನನ್ನವ್ವ ದುಡಿದ ತೊಗಲು ಕಾರ್ಖಾನೆಯವರಿಗೂ ಬಂದಿರಲಿಲ್ಲ ಅಂತ ನಾನಂದೆ. ತಮಾಷೆ ಅಂದುಕೊಂಡು ನಕ್ಕ.

ಅವನು ಹೇಳಿದಾಗ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೆಲಸ ಮಾಡುತ್ತೇನೆ, ನಿನಗೆ ಗೊತ್ತು. ನೀನು ಅದನ್ನೇ ಬರೆದಾಗ ಮಾತ್ರ ಸಿಟ್ಟೂ ಬರಲಿಲ್ಲ, ಕೆಲಸವೂ ಸಾಗಲಿಲ್ಲ. ಕೊನೆಗೆ, ಅವ್ವನ ಮಾತಲ್ಲವೇ, ಆಗಲಿ ಅಂದುಕೊಂಡೆ.

ನಾನು ಇಲ್ಲಿ ಏನು ಮಾಡುತ್ತೇನೆ ಅಂತ ನೀನು ಕೇಳುತ್ತಲೇ ಇರುತ್ತೀಯ. ಕೇಳು. ಮೊದಲು ಕಾಗದ. ತೆಳ್ಳನೆಯ ನಯವಾದ ಕಾಗದ ಎರಡು ಸಲ ನೀರು ಕಂಡರೆ ಕೈಗೇ ಹರಿದು ಬರುತ್ತೆ. ಹತ್ತಿ ಚಿಂದಿಯಿಂದ ಮಾಡಿದ ದಪ್ಪ ಕಾಗದವೇ ಬೇಕು. ಅದನ್ನು ಬಿಸಿನೀರಲ್ಲಿ ನೆನೆಸಿ ಒಣಗಿಸಿ, ಎಷ್ಟು ಕುಗ್ಗುತ್ತೋ ಅಷ್ಟೂ ಮೊದಲೇ ಕುಗ್ಗಿಸಿಬಿಡಬೇಕು. ಇಲ್ಲದಿದ್ದರೆ ಎರಡನೆಯ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರದೆ ನಿನಗೆ ಎರಡು ಮೂಗು ಬರುತ್ತವೆ. ಇರುವ ಒಂದರ ಮೇಲಿನ ಸಿಟ್ಟೇ ನಮಗೆ ಸಾಕು. ಆಮೇಲೆ ನೀನು ಬಟ್ಟೆಗೆ ಹಾಕುತ್ತಿದ್ದ ಹಾಗೆ ಕಾಗದಕ್ಕೂ ಗಂಜಿ. ಹಾಕದಿದ್ದರೆ ಬಣ್ಣ ನಾರಿನೊಳಗೆ ಇಳಿದು ಕೂತು ಏಳುವುದೇ ಇಲ್ಲ.

ಇನ್ನು ಬಣ್ಣ. ಗೋಂದು ಕರಗಿಸಿ ಅದಕ್ಕೆ ಬಣ್ಣದ ಪುಡಿ ಅರೆಯುತ್ತೇನೆ. ಬರೀ ಮಸಿ ಹಾಕಿದರೆ ಚರ್ಮ ಸತ್ತ ಹಾಗೆ ಕಾಣುತ್ತೆ. ಅಡಿಯಲ್ಲಿ ಕೆಮ್ಮಣ್ಣು, ಅದರ ಮೇಲೆ ನೀಲಿ, ಆಮೇಲೆ ಮಸಿ, ಆಗ ನಿನ್ನ ಬಣ್ಣ ಬರುತ್ತೆ. ಈ ಗೋಂದಿಗೆ ಬೆರೆಸುವ ಇನ್ನೊಂದು ವಸ್ತುವಿನ ಹೆಸರು ನಾನು ನಿನಗೆ ಹೇಳಿರಲಿಲ್ಲ. ನೀನು ತೊಗಲಿನ ತೊಟ್ಟಿಗೆ ಸುರಿಯುತ್ತಿದ್ದೆಯಲ್ಲ, ಅದೇ ಕಿತ್ತಳೆ ಬಣ್ಣದ ಉಪ್ಪು. ನಿನ್ನ ಬೆರಳ ಸಂದಿಗಳಲ್ಲಿ ಗುಳಿ ತೋಡಿದ್ದು. ನಿನ್ನ ಜೊತೆಯ ದಪ್ಪಕ್ಕ ಆ ಗುಳಿಗಳನ್ನು ಸಂಬಳದ ಮೊಹರು ಅಂತ ಕರೆದು ಬಿದ್ದು ಬಿದ್ದು ನಗುತ್ತಿದ್ದಳಲ್ಲ, ಆ ಮೊಹರು ಒತ್ತಿದ್ದು ಇದೇ ಉಪ್ಪು. ಆ ಉಪ್ಪು ಸೇರಿದ ಗೋಂದನ್ನು ಕಾಗದಕ್ಕೆ ಬಳಿದು, ಮೇಲೆ ನಿನ್ನ ಫೋಟೋದ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿದರೆ, ಬಿಸಿಲು ಬಿದ್ದ ಕಡೆ ಗೋಂದು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತೆ. ಬಿಸಿಲು ಕಾಣದ್ದೆಲ್ಲ ನೀರಲ್ಲಿ ಕರಗಿ ಹೋಗುತ್ತೆ. ಗಾಬರಿಯಾಗಬೇಡ, ನನಗೆ ರಬ್ಬರ್ ಕೈಗವಸು ಇದೆ. ನಿನಗೆ ಅದನ್ನು ಕೊಡಲು ಕಾರ್ಖಾನೆಯ ಆ ಮೇಸ್ತ್ರಿಗೆ ಯಾವ ರೋಗ ಬಂದಿತ್ತೋ.

ಹೋದ ವಾರ ಮೂರನೆಯ ಪದರ ನೀರಲ್ಲಿತ್ತು. ಹಸಿ ಇರುವಾಗ ಮೆತ್ತನೆಯ ಬ್ರಶ್ಶಿನಿಂದ ಸವರಿದರೆ ಕಪ್ಪು ಬಿಡುತ್ತೆ. ಹಣೆ ಸವರಿದೆ, ಕೆನ್ನೆ ಸವರಿದೆ. ನೀನು ನನ್ನ ಮುಖ ಉಜ್ಜಿ ತೊಳೆಯುತ್ತಿದ್ದ ಹಾಗೆಯೇ. ನೀನು ಕೊಳೆ ತೆಗೆಯುತ್ತಿದ್ದೆ. ನಾನು ನಿನ್ನನ್ನೇ ತೆಗೆಯುತ್ತಿದ್ದೆ.

ಮರುದಿನ ಒಣಗಿದ ಮೇಲೆ ಕೈ ಕತ್ತರಿಸಲು ಸ್ಕೇಲು ಇಟ್ಟು ಬ್ಲೇಡು ಹಿಡಿದು ಕೂತೆ. ನೋಡಿದರೆ ಯಾರೋ ಹೆಂಗಸು. ತಿಳಿಯಾಗಿ, ಸಂಭಾವಿತಳಾಗಿ, ಚಿತ್ರಶಾಲೆಯ ಯಜಮಾನನ ಚಿಕ್ಕಮ್ಮನ ಹಾಗೆ. ಅವಳ ತೊಡೆಯ ಮೇಲೆ ನಿನ್ನ ಕೈ. ಇವರಲ್ಲಿ ನಿನ್ನವ್ವ ಯಾರು ಅಂತ ಕೇಳಿದರೆ ಮಗು ಕೂಡ ಆ ಕೈಯನ್ನೇ ತೋರಿಸುತ್ತೆ. ನಾನು ಕೊಯ್ಯಲು ಕೂತಿದ್ದದ್ದು ಅದನ್ನೇ.

ಬ್ಲೇಡು ಎಸೆದೆ. ಹಿಂದೆಂದೂ ಹಾಕದಷ್ಟು ಮಸಿ ಅರೆದೆ. ಆಮೇಲೆ ವಾರವಿಡೀ ಮೋಡ. ಆಕಾಶಕ್ಕೂ ಯಜಮಾನನಿಗೂ ನೆಂಟಸ್ತನವೇನೋ ಅಂತ ಬೈಯುತ್ತಾ ಕೂತಿದ್ದೆ. ಇವತ್ತು ಬಿಸಿಲು ಬಂತು. ಬೆಳ್ಳಗೆ ಮಾಡಿದ ಮುಖದ ಮೇಲೆ ನಾಲ್ಕನೆಯ ಪದರ ಎಳೆದೆ. ಈ ಕೆಲಸದಲ್ಲಿ ಒಂದು ನ್ಯಾಯವಿದೆ ಅವ್ವ, ಹಸಿ ಇರುವಾಗ ಯಾರು ಬೇಕಾದರೂ ಉಜ್ಜಿ ತೆಗೆಯಬಹುದು, ಬಿಸಿಲುಂಡು ಒಣಗಿದ ಕಪ್ಪನ್ನು ಮಾತ್ರ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅವನಿಗೂ ಆಗದು, ನಿನಗೂ ಆಗದು. ನನಗೂ ಆಗದ ಹಾಗೆ ಮಾಡಿಕೊಂಡೆ.

ಯಜಮಾನನಿಗೆ ಫೋನಿನಲ್ಲಿ ಹೇಳಿದೆ, ನನ್ನವ್ವ ಬಂದರೆ ಕೈಸಮೇತ ಬರುತ್ತಾಳೆ ಅಂತ. ನಿಮ್ಮಂಥವರಿಗೆ ಒಂದು ಸಲ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ, ಯೋಚಿಸಿ ಅಂದ. ಕಾರ್ಖಾನೆ ಗೇಟಿನ ಎದುರಿನ ಗೋಡೆಗೆ ಬಾಗಿಲೇ ಇಲ್ಲ, ಮೊಳೆ ನನ್ನ ಹತ್ತಿರ ಇದೆ ಅಂದೆ. ಪಾಳಿ ಬಿಟ್ಟು ಬರುವವರು ನೋಡಲಿ. ಅವರಿಗೆ ಮುಜುಗರವಾಗುವುದಿಲ್ಲ.

ಆದರೆ ನಿನ್ನನ್ನು ಕೇಳದೆ ಎಲ್ಲೂ ಹಾಕುವುದಿಲ್ಲ. ಚಿತ್ರ ತೆಗೆದ ದಿನ ನೀನು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೂತಿದ್ದೆ. ಮೂಗಿನ ಮೇಲೆ ಕೂತ ನೊಣ ಓಡಿಸಿ ಕೈಯನ್ನು ತೊಡೆಯ ಮೇಲೆ ಮರೆತೆ, ಆ ಗಳಿಗೆಯಲ್ಲಿ ನಾನು ಕ್ಯಾಮೆರಾ ಒತ್ತಿಬಿಟ್ಟೆ. ಕಳ್ಳಿ ಅಂತ ನೀನು ಬೈದೆ. ಅದಕ್ಕೇ ಒಣಗಿದ ಮೇಲೆ ಚಿತ್ರವನ್ನೇ ಈ ಕಾಗದದ ಜೊತೆ ಕಳಿಸುತ್ತೇನೆ. ಕಿಟಕಿಯ ಹತ್ತಿರ ಇಟ್ಟುಕೊಂಡು ನೋಡು. ಬೇಡ ಅಂದರೆ ಬೇಡ, ನಿನ್ನ ಪೆಟ್ಟಿಗೆಯಲ್ಲೇ ಇರಲಿ, ನಾನು ತುಟಿ ಪಿಟಕ್ ಅನ್ನುವುದಿಲ್ಲ. ತೋರಿಸು ಅಂದರೆ ತೋರಿಸುತ್ತೇನೆ. ತಿಳಿ ಮಾಡು ಅಂತ ಮಾತ್ರ ಇನ್ನೊಮ್ಮೆ ಹೇಳಬೇಡ, ಅದೊಂದನ್ನು ಕೇಳುವುದಿಲ್ಲ.

ನಿನ್ನ ಬಣ್ಣ, ನಿನ್ನ ಬಾಯಿ ಎರಡನ್ನೂ ಹೊತ್ತುಕೊಂಡು ಹುಟ್ಟಿದ,
ಕರಿಮೆಣಸು

ಮರೆತಿದ್ದು: ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ. ಅಕ್ಷರ ಸೊಟ್ಟಗಿರುವುದು ಹಲಗೆಯಿಂದಲ್ಲ. ನಿನ್ನ ಮುಖ ಸವರುವಾಗ ಕೈಗವಸು ದಪ್ಪವಾಯಿತು ಅಂತ ತೆಗೆದಿಟ್ಟಿದ್ದೆ. ಹೆಬ್ಬೆರಳಿಗೆ ಗಾಜು ಕೊಯ್ದಿದ್ದದ್ದು ನೆನಪಿರಲಿಲ್ಲ, ಆ ಕಿತ್ತಳೆ ಉಪ್ಪಿನ ನೀರು ಒಳಗಿಳಿಯಿತು. ಈಗ ಹೆಬ್ಬೆರಳ ಬುಡದಲ್ಲಿ ಒಂದು ಗುಳಿ ಇದೆ, ನಿನಗಿರುವ ಜಾಗದಲ್ಲೇ. ಡಾಕ್ಟರಿಗೆ ತೋರಿಸಿದ್ದೇನೆ, ಮಾಯುತ್ತಿದೆ. ಮೊನ್ನೆ ಬಸ್ಸಿನಲ್ಲಿ ಚಿಲ್ಲರೆ ಕೊಡಬೇಕಾದಾಗ ಆ ಕೈ ತಾನೇ ಜೇಬಿನೊಳಗೆ ಹೋಗಿ ಬಚ್ಚಿಟ್ಟುಕೊಂಡಿತು. ನಿನ್ನ ನಾಲ್ಕು ಸಾಲು ಆಗ ಅರ್ಥವಾಯಿತು. ಜೇಬಿನಿಂದ ಎಳೆದು ತೆಗೆದು, ಆ ಕೈಯಲ್ಲೇ ಕೊಟ್ಟೆ. ಇದನ್ನೂ ಅದರಲ್ಲೇ ಬರೆದಿದ್ದೇನೆ.