ಟವೆಲ್ ತಂದ ಅಧ್ಯಾಯ

ಭಾನುವಾರ, ಬೆಳಿಗ್ಗೆ

ನನ್ನ ಪಿಸುಮಾತಿನ ಮಗಳಿಗೆ, ಕೊನೆಯ ಸಾಲಿನ ಕುರ್ಚಿಗೂ ಕೇಳುವ ಗಂಟಲಿನ ನಿನ್ನಮ್ಮನ ಆಶೀರ್ವಾದಗಳು.

ನಿನ್ನ ಕಾದಂಬರಿಯ ಹಸ್ತಪ್ರತಿ ಬಂತು. ಓದಿ ಮುಗಿಸಿದೆ. ಎಲ್ಲಿ, ತೆರೆ ಎಳೆಯಿರಿ! ದೀಪ ಹಚ್ಚಿರಿ! ಮಹಾಜನರೇ, ಕೇಳಿ: ಅಪ್ಪ, ಅಮ್ಮ, ಮಗಳು, ಮಗ ರಜೆಗೆಂದು ವಿಮಾನ ಹತ್ತಿ ಪರದೇಶಕ್ಕೆ ಹೋದರು, ಈಜುಕೊಳದ ಪಕ್ಕ ಕೂತರು, ಮನೆಗೆ ಬಂದರು. ಮಂಗಳ!

ಇಷ್ಟೇನೇ? ಆಯುಷ್ಯವೆಲ್ಲ ರಂಗದ ಮೇಲೆ ಗುಡುಗಿದವಳು ನಾನು. ಕತ್ತಿ ಬೇಡ, ಒಂದು ಶಾಪವಾದರೂ ಬೇಡವೆ? ತಿಂಡಿಗೆ ಸಾಲು ನಿಲ್ಲುವುದಕ್ಕೇ ಅರ್ಧ ಅಧ್ಯಾಯ. ನಿಮ್ಮಪ್ಪ ಕಾಫಿ ನೀರಾಗಿದೆಯೆಂದು ಗೊಣಗುವುದಕ್ಕೆ ಉಳಿದರ್ಧ. ನಿನ್ನ ತಮ್ಮ ಗುಂಡನೂ ಓದಿ, "ಅಮ್ಮಾ, ಇದರಲ್ಲಿ ಯಾರಿಗೂ ನೆಗಡಿ ಕೂಡ ಬರಲ್ಲ. ಅಕ್ಕ ನಿದ್ದೆಗಣ್ಣಲ್ಲಿ ಬರೆದಳಾ?" ಎಂದ. ನಕ್ಕೆನೋ ಇಲ್ಲವೋ, ನೆನಪಿಲ್ಲ. ಈಚೆಗೆ ನನ್ನ ಮುಖ ಏನು ಮಾಡುತ್ತದೆಂದು ನನಗೆ ತಿಳಿಯುವುದಿಲ್ಲ.

ಪ್ರಕಾಶಕರು, "ಏನಾದ್ರೂ ನಡೀಬೇಕು ಮೇಡಂ, ಇಲ್ಲಾಂದ್ರೆ ಅಚ್ಚು ಹಾಕೋದು ಕಷ್ಟ" ಎಂದರಂತೆ. ನಿಜವಾಗಿ ನಡೆದದ್ದನ್ನೇ ಬರೆದುಬಿಡಲಾ ಎಂದು ಕೇಳಿದ್ದೀಯ.

ನಡೆದದ್ದು ಇಷ್ಟು. ಈಜುಕೊಳದ ಬಳಿ ನಿಮ್ಮಪ್ಪ, "ಟವೆಲ್ ಮರೆತೆ ಕಣೇ, ತಂದ್ಬಿಡ್ತೀನಿ" ಎಂದು ಕೋಣೆಗೆ ಹೊರಟರು. ಮೇಲಿನ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಬಿದ್ದಿದ್ದರು, ಉಸಿರಿರಲಿಲ್ಲ. ನಮ್ಮ ಕಂಪನಿ ನಾಟಕದಲ್ಲಿ ಸಾಯುವವನಿಗೆ ಒಂದು ಹಾಡು, ಎರಡು ಪುಟ ಮಾತು ಇರುತ್ತಿತ್ತು. ಜನ ಒನ್ಸ್‌ಮೋರ್ ಎಂದರೆ ಎದ್ದು, ಧೂಳು ಕೊಡವಿ, ಮತ್ತೆ ಸಾಯುತ್ತಿದ್ದ. ಇವರಿಗೆ ಸಿಕ್ಕಿದ್ದು ಬರೀ ಟವೆಲ್ಲಿನ ಮಾತು.

ರಂಗದ ಮೇಲೆ ಗ್ಲಿಸರಿನ್ ಇಲ್ಲದೆ ಧಾರಾಳವಾಗಿ ಅಳುತ್ತಿದ್ದ ನಾನು ಅಂದು ಹೋಟೆಲಿನವರು ಕೊಟ್ಟ ಜ್ಯೂಸು ಕುಡಿದು ಗ್ಲಾಸು ತೊಳೆದಿಟ್ಟೆ. ಇಂದಿಗೂ ಹಾಗೆಯೇ. ಕುಕ್ಕರ್ ಕೂಗುತ್ತದೆ, ಆರಿಸುತ್ತೇನೆ.

ನಿನ್ನ ಪುಸ್ತಕದಲ್ಲಿ ಅವರು ಟವೆಲ್ ತರಲು ಹೊರಟಾಗ ಪುಟ ತಿರುಗಿಸಲು ಕೈ ಏಳಲಿಲ್ಲ. ಎದ್ದು ಹೋಗಿ ಬಟ್ಟೆ ಒಗೆದೆ. ಒಣಹಾಕಿ ಬಂದು ತಿರುಗಿಸಿದೆ. ಬಂದರು! ಟವೆಲ್ಲನ್ನು ಕುರ್ಚಿಯ ಮೇಲೆ ಎಸೆದು, "ಲಿಫ್ಟು ಏನ್ ನಿಧಾನ ಕಣೇ" ಎಂದರು. ಅಷ್ಟೇ. ಆಮೇಲೆ ಕೊನೆಯವರೆಗೂ ಅದೇ ಗೊಣಗಾಟ, ವಿಮಾನದಲ್ಲಿ ಗೊರಕೆ.

ನಾಟಕದವಳಾಗಿ ಹೇಳುತ್ತೇನೆ: ಪ್ರಕಾಶಕರ ಮಾತು ಸರಿ. ಈ ಕಥೆ ನಿಲ್ಲುವುದಿಲ್ಲ. ಲಿಫ್ಟಿನ ದೃಶ್ಯ ಬರಿ, ಜನ ಉಸಿರು ಬಿಗಿಹಿಡಿದು ಓದುತ್ತಾರೆ. ನನ್ನ ಅಡ್ಡಿಯಿಲ್ಲ. ನನಗೆ ಏನೂ ಅನ್ನಿಸುವುದೂ ಇಲ್ಲ.

ಇಂತಿ,
ಬಣ್ಣ ತೊಳೆದು ಕೂತಿರುವ
ನಿನ್ನಮ್ಮ

ಮರೆತಿದ್ದೆ: ಲಕೋಟೆ ಅಂಟಿಸುವ ಮುಂಚೆ ಟವೆಲ್ ತಂದ ಪುಟವನ್ನು ಇನ್ನೊಮ್ಮೆ ತೆಗೆದೆ. ಅವರ ಮಾತನ್ನು ಅವರದೇ ಧಾಟಿಯಲ್ಲಿ, ಗಟ್ಟಿಯಾಗಿ ಓದಿದೆ. ಮುಗಿಯುತ್ತಲೇ ಖಾಲಿ ಕೋಣೆಯಲ್ಲಿ ಯಾರೋ "ಒನ್ಸ್‌ಮೋರ್!" ಎಂದರು. ನನ್ನದೇ ಗಂಟಲು. ಮಗಳೇ, ನಿನ್ನ ಕಥೆಯಲ್ಲಿ ಏನನ್ನೂ ನಡೆಸಬೇಡ. ಅಚ್ಚಾಗದಿದ್ದರೆ ಹಾಳಾಗಿ ಹೋಗಲಿ. ಈ ಪ್ರತಿಯನ್ನು ಮಾತ್ರ ನಾನು ವಾಪಸು ಕಳಿಸುವುದಿಲ್ಲ.