ಮಿಲ್ಲಿನ ಮೋಟರ್ ಇನ್ನೂ ಬಿಚ್ಚಿಲ್ಲ

ಅಣ್ಣಾ,

ನಮಸ್ಕಾರ ಈ ಸಲ ಇಲ್ಲ. ನೀನು ಗಾಡಿಗೆ ಹಾಕಿ ಕಳಿಸಿದ ಮಿಲ್ಲಿನ ಮೋಟರ್ ಬೆಳಿಗ್ಗೆ ನನ್ನ ಬಾಗಿಲಿಗೆ ಬಂತು. ಜೊತೆಗೊಂದು ಚೀಟಿ: "ಎರಡು ದಿನದಲ್ಲಿ ಹೇಗಾದ್ರೂ ಮಾಡಿಕೊಡು. ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡು ಮಾನ ಉಳಿಸು." ಯಾರ ಮಾನ ಅಂತ ಬರೆದಿರಲಿಲ್ಲ.

ಅಪ್ಪ ಕೆಲಸ ಕಲಿಸಿದ್ದು ನಿನಗೆ, ಪಕ್ಕದಲ್ಲಿ ಕೂತು ಕಲಿತದ್ದು ನಾನು. ಸುಟ್ಟ ಮೋಟರಿನ ವಾಸನೆಗೆ ನಿನಗೆ ತಲೆನೋವು; ನನಗೆ ಆ ವಾಸನೆಯಲ್ಲೇ ರೋಗ ಗೊತ್ತಾಗುತ್ತಿತ್ತು. ಅಪ್ಪ ಹೋದ ಮೇಲೆ ರಿಪೇರಿ ಅಂಗಡಿಯ ಬಾಗಿಲು ನಾನೇ ತೆರೆದೆ. ಮೂರು ತಿಂಗಳು ಬಂದವರೆಲ್ಲ "ರಿಪೇರಿಯವ್ರು ಎಲ್ಲಮ್ಮಾ?" ಅಂತ ನನ್ನನ್ನೇ ಕೇಳಿ ವಾಪಸ್ ಹೋದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ನಡುವೆ ಪರದೆ ಕಟ್ಟುವ ಉಪಾಯ ಹೇಳಿದ್ದೂ ನಾನೇ. ನನ್ನ ಬುದ್ಧಿಗಿಷ್ಟು! ನೀನು ಮುಂದೆ ಕೂತು ಮಾತಾಡುವುದು, ನಾನು ಹಿಂದೆ ಕೂತು ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವುದು. ಒಂಬತ್ತು ವರ್ಷ ಸುತ್ತಿದೆ. ಗಿರಾಕಿಗಳು ನಿನಗೆ "ಏನ್ ಕೈಗುಣ ಸ್ವಾಮಿ ನಿಮ್ದು" ಅಂದಾಗ ಒಳಗೆ ಸೆರಗು ಕಚ್ಚಿಕೊಂಡು ನಗುತ್ತಿದ್ದೆ.

ಹೋದ ತಿಂಗಳು ಮಿಲ್ಲಿನ ಮ್ಯಾನೇಜರ್ ಬಂದರು. ಅವರ ಎಲ್ಲ ಮೋಟರುಗಳ ಕೆಲಸ, ಇಡೀ ವರ್ಷದ ಕರಾರು. ನಾನು ಹೊರಗೆ ಬಂದು, "ಕೆಲಸ ಮಾಡೋದು ನಾನು ಸಾರ್, ಕರಾರು ನನ್ನ ಹೆಸರಲ್ಲಾಗಲಿ" ಅಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. "ಏನಪ್ಪಾ, ಹೌದಾ?" ಅಂತ ನಿನ್ನನ್ನು ಕೇಳಿದರು. ನೀನು ಹೌದು ಅನ್ನಬೇಕಿತ್ತು, ಅಷ್ಟೇ. ನೀನು ಹಲ್ಲು ಕಿರಿದು, "ನನ್ ತಂಗಿ ಸಾರ್, ಸಣ್ಣಪುಟ್ಟ ಸಹಾಯ ಮಾಡ್ತಾಳೆ" ಅಂದೆ. ಸಹಿಯನ್ನೂ ನೀನೇ ಹಾಕಿದೆ. ಅವತ್ತೇ ನಾನು ಅಂಗಡಿ ಬಿಟ್ಟು ಎದ್ದು ಬಂದೆ.

ಫೋನಿನಲ್ಲಿ ಅಕ್ಕನ ಹತ್ತಿರ ಹೇಳಿಕೊಂಡೆ. ಅವಳಿರುವ ಶ್ರೀಮಂತ ದೇಶದಲ್ಲಿ ಹೊಲಿಗೆ ಕಾರ್ಖಾನೆ ಶುರುಮಾಡಲು ಹೋದಾಗ ಬ್ಯಾಂಕಿನವರು ಮೆತ್ತನೆಯ ಕುರ್ಚಿ ಕೊಟ್ಟು, ಕಾಫಿ ಕೊಟ್ಟು, "ಮಕ್ಕಳನ್ನ ಯಾರು ನೋಡ್ಕೋತಾರೆ?" ಅಂದರಂತೆ. ಭಾವನನ್ನು ಯಾವನಾದರೂ ಹಾಗೆ ಕೇಳಿದ್ದುಂಟಾ? ಇಲ್ಲಿ ಕುರ್ಚಿಯೂ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ. ಆದರೆ ಆ ಬ್ಯಾಂಕಿನವರು, ಈ ಮ್ಯಾನೇಜರು ನಮ್ಮ ಕೆಲಸ ಕಂಡವರಲ್ಲ. ನೀನು ದಿನಾ ಕಂಡವನು. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಗಾಡಿಯವನು ಎಲ್ಲ ಹೇಳಿದ: ಈಗ ನೀನೇ ತಂತಿ ಸುತ್ತಿದ ಈ ಮೋಟರ್ ಓಡಿಸಿದ ಎರಡು ಗಂಟೆಯಲ್ಲಿ ಸುಟ್ಟಿತಂತೆ, ಮಿಲ್ಲಿನವರು ಕರಾರು ಮುರಿಯುತ್ತೇವೆ ಅಂದರಂತೆ. ತಪ್ಪನ್ನು ಹೊಟ್ಟೆಗೆ ಹಾಕಿಕೋ ಅನ್ನುತ್ತೀಯ. ಇಷ್ಟು ವರ್ಷ ಹಾಕಿಕೊಂಡು ಹಾಕಿಕೊಂಡು ಅಲ್ಲಿ ಜಾಗವೇ ಉಳಿದಿಲ್ಲ ಮಾರಾಯ.

ಮೋಟರ್ ನಾನು ಮಾಡಿಕೊಡುತ್ತೇನೆ. ನನಗದು ಒಂದು ದಿನದ ಕೆಲಸ. ನಾಳೆ ಬೆಳಿಗ್ಗೆ ಮ್ಯಾನೇಜರನ್ನು ಇಲ್ಲಿಗೆ ಕರೆದುಕೊಂಡು ಬಾ. ಅವರೆದುರು ನಿಂತು, "ಈ ಕೆಲಸ ನನಗೆ ಬರಲ್ಲ ಸಾರ್, ನನ್ನ ತಂಗಿಗೆ ಬರುತ್ತೆ, ಕರಾರಲ್ಲಿ ಅವಳ ಹೆಸರು ಬರ್ಕೊಳ್ಳಿ" ಅನ್ನು. ಅದನ್ನು ಹೇಳಿದ ಮೇಲೆ ಮೊದಲ ಬೋಲ್ಟ್ ಬಿಚ್ಚುತ್ತೇನೆ. ನಾಲಿಗೆ ಏಳದಿದ್ದರೆ ಗಾಡಿ ಮಾತ್ರ ಕಳಿಸು, ಮೋಟರ್ ಇದ್ದ ಹಾಗೇ ಎತ್ತಿ ಹಾಕಿಸುತ್ತೇನೆ.

ದೇವರು ನಿನಗೆ ಆಯಸ್ಸು ಕೊಡಲಿ. ಅದರ ಜೊತೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ.

ನಿನ್ನ ತಂಗಿ